ಮೈಕಕ್ಕ ಬಾಯಿ ಮುಚ್ಚಿದ ತಿಂಗಳು

ನನ್ನ ಓರಗಿತ್ತಿಗೆ ಹೆತ್ತವರು ಇಟ್ಟ ಹೆಸರು ಈಗ ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವಳು ಮೈಕಕ್ಕ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ‘ಪ್ರಯಾಣಿಕರ ಗಮನಕ್ಕೆ’ ಎಂದು ದಿನವಿಡೀ ಕೂಗುವ ಕೆಲಸ ಅವಳದು. ಕೂಗುವ ಕೆಲಸ ಎಂದು ಅವಳ ಎದುರಿಗೆ ಅಂದರೆ ಮುಗಿಯಿತು. “ಕೂಗೋದಲ್ಲ ಕಣೇ, ಪ್ರಕಟಣೆ” ಎಂದು ತಿದ್ದುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಪ್ರಕಟಣೆ ಕೇಳಿದವರಿಗೆ ಬಸ್ಸು ತಡವಾದರೂ ಕೋಪ ಬರುತ್ತಿರಲಿಲ್ಲ. ಬಂದರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂಬ ಸುದ್ದಿಯನ್ನೂ ಅವಳು ಮದುವೆಗೆ ಕರೆಯುವ ಹಾಗೆ ಹೇಳುತ್ತಿದ್ದಳು.

ಅಂಥ ದನಿ ನಿಲ್ದಾಣದಲ್ಲಿದ್ದರೆ ಚೆಂದ. ಎರಡು ಕೋಣೆ, ಒಂದು ಅಡುಗೆಮನೆಯ ಪುಟ್ಟ ಮನೆಯಲ್ಲಿದ್ದರೆ ಉಳಿದವರ ಗತಿಯೇನು? ಅಡುಗೆಮನೆಯಲ್ಲಿ ಅವಳು “ಉಪ್ಪು ಕಡಿಮೆಯಾಗಿದೆ” ಅಂದರೆ ಮೂರನೇ ಮನೆಯವರು ತಮ್ಮ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡುತ್ತಿದ್ದರು. ನಾನು ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ನನ್ನ ಮೆಷಿನ್ನಿನ ಸದ್ದು ನನಗೇ ಕೇಳಿಸದಷ್ಟು ಮಾತಾಡುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳಿಗೆ ‘ನೀವು’ ಅನ್ನುತ್ತಿದ್ದೆ. ಜಗಳ ಶುರುವಾದ ಮೇಲೆ ‘ನೀನು’ ಆಯಿತು, ಪ್ರೀತಿಯೂ ಆಗಲೇ ಶುರುವಾದದ್ದು. ಅವಳ ಗಂಡ, ಅಂದರೆ ನನ್ನ ಬಾವ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾರೆ. ಅವರ ಬಾಯಿಂದ ನಾನು ವರ್ಷಗಟ್ಟಲೆ ಕೇಳಿದ್ದು ‘ಹೂಂ’ ಮತ್ತು ‘ಊಹೂಂ’ ಎರಡೇ. ಪಾಪ, ನಡುವೆ ತೂರಿಸಲು ಅವರಿಗೆ ಸಂದು ಸಿಗಬೇಕಲ್ಲ.

ಇಂಥ ಅಕ್ಕನ ಗಂಟಲು ಒಂದು ಮಧ್ಯಾಹ್ನ ಪ್ರಕಟಣೆಯ ನಡುವೆಯೇ ಕೈಕೊಟ್ಟಿತು. ‘ಪ್ರಯಾಣಿಕರ’ ಅಂದಳು, ‘ಗಮನಕ್ಕೆ’ ಬರಲೇ ಇಲ್ಲ. ಪ್ರಯಾಣಿಕರೆಲ್ಲ ತಲೆಯೆತ್ತಿ ಮುಂದಿನ ಮಾತಿಗೆ ಕಾದರಂತೆ. ನೀರು ಕುಡಿದಳು, ಕೆಮ್ಮಿದಳು, ಬಿಸಿನೀರು ಮುಕ್ಕಳಿಸಿದಳು. ವಾರವಾದರೂ ಸರಿಹೋಗಲಿಲ್ಲ. ಕೊನೆಗೆ ನಾನೇ ಅವಳನ್ನು ಗಂಟಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. “ಕೆಲಸ ಮಾಡಿ ಮಾಡಿ ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೆ ನಿಮ್ಮ ದನಿ ಹೊರಡೋ ಜಾಗದಲ್ಲಿ ಗಂಟು ಕಟ್ಟಿದೆ. ಒಂದು ತಿಂಗಳು ಬಾಯಿಬಿಡಬಾರದು. ಪಿಸುಮಾತೂ ಬೇಡ. ಗಂಟು ಕರಗಿದ್ರೆ ಸರಿ, ಇಲ್ಲ ಅಂದ್ರೆ ಆಪರೇಷನ್. ದನಿ ಮೊದಲಿನ ಹಾಗೇ ಬರುತ್ತೆ ಅಂತ ನಾನು ಮಾತು ಕೊಡಲ್ಲ” ಅಂದರು.

ಅಕ್ಕನ ಮುಖ ಬಿಳಿಚಿಕೊಂಡಿತು. ಡಾಕ್ಟರಮ್ಮ ಸ್ವಲ್ಪ ಹಗುರ ಮಾಡಲೆಂದೋ ಏನೋ ನಗುತ್ತ ಇನ್ನೊಂದು ಮಾತು ಸೇರಿಸಿದರು. “ಮನಸ್ಸಿನಲ್ಲೂ ಜಾಸ್ತಿ ಮಾತಾಡಬೇಡಿ ಆಯ್ತಾ? ಒಳಗೊಳಗೇ ಮಾತಾಡಿಕೊಂಡ್ರೂ ಗಂಟಲು ಚೂರು ಅಲ್ಲಾಡುತ್ತೆ.”

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಕೈ ಹಿಡಿದು ನಿಂತುಬಿಟ್ಟಳು. ತಿಂಗಳ ಮಟ್ಟಿಗೆ ಅವಳು ಆಡಿದ ಕೊನೆಯ ಮಾತು ಇದು.

“ದನಿ ಹೋದ್ರೆ ನಾನು ಯಾರೇ?”

“ಯಾರು ಅಂದ್ರೆ? ನಮ್ಮ ಅಕ್ಕ” ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಲೇ ಬಂದಳು. ಅಂಗಡಿಗೆ ಹೋದರೆ ಮುಖ ನೋಡಿ ಯಾರೂ ಗುರುತಿಸುವುದಿಲ್ಲ, ಬಾಯಿ ತೆರೆದರೆ “ಓ, ಮೈಕಕ್ಕ!” ಎಂದು ಸ್ಟೂಲು ಹಾಕುತ್ತಾರೆ. ಅವಳಿಗೆ ಮಕ್ಕಳಿಲ್ಲ, ಓದು ಹೆಚ್ಚಿಲ್ಲ, ನೋಡಲು ನನ್ನ ಹಾಗೆ ಸಾಧಾರಣ. ಇದ್ದದ್ದು ಆ ದನಿಯೊಂದೇ. ಅದೂ ಹೋಗಿಬಿಟ್ಟರೆ ಇವಳು ಬದುಕುವುದು ಹೇಗೆ ಎಂದು ನನಗೂ ಚಿಂತೆ ಹತ್ತಿತು.

ಮೊದಲ ದಿನಗಳ ಫಜೀತಿಯನ್ನು ಏನೆಂದು ಹೇಳಲಿ? ಒಂದು ಚಪ್ಪಾಳೆ ಹೊಡೆದರೆ ಹೌದು, ಎರಡು ಹೊಡೆದರೆ ಇಲ್ಲ ಎಂದು ಗೊತ್ತು ಮಾಡಿಕೊಂಡೆವು. ಅಕ್ಕನಿಗೆ ಬರೀ ಹೌದು, ಇಲ್ಲ ಎಲ್ಲಿ ಸಾಕಾಗುತ್ತದೆ? ಅವಳ ಚಪ್ಪಾಳೆಯಲ್ಲೇ ಬೈಗುಳ, ಬುದ್ಧಿಮಾತು ಎಲ್ಲ ಬರತೊಡಗಿತು. ಪಕ್ಕದ ಮನೆಯವರು ಬಂದು “ನಿಮ್ಮ ಮನೇಲಿ ಭಜನೆ ಶುರು ಮಾಡಿದ್ದೀರಾ?” ಎಂದು ಕೇಳಿಕೊಂಡು ಹೋದರು.

ನಮ್ಮನ್ನೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡಿದವರು ಬಾವ. ಮೂರನೇ ದಿನವೋ ನಾಲ್ಕನೇ ದಿನವೋ ಊಟಕ್ಕೆ ಕೂತಾಗ ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು, ಮಾತಾಡತೊಡಗಿದರು. ಗಾಜು ಉಜ್ಜುವುದರಿಂದ ಹಿಡಿದು ಚಂದ್ರನವರೆಗೆ ಅವರಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯಗಳಿದ್ದವು! ಚಿಕ್ಕಂದಿನಲ್ಲಿ ತಾವು ಈಜಲು ಹೋಗಿ ಚಡ್ಡಿ ಕಳೆದುಕೊಂಡ ಕಥೆಯನ್ನು ಅಂದು ಎಷ್ಟು ಚೆನ್ನಾಗಿ ಹೇಳಿದರೆಂದರೆ ಅತ್ತೆಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. “ಇಷ್ಟು ದಿನ ಯಾಕೆ ಹೇಳಲಿಲ್ವೋ?” ಎಂದು ಅತ್ತೆ ಕೇಳಿದರೆ, “ನನ್ನ ಪಾಳಿ ಬಂದಿರಲಿಲ್ಲಮ್ಮ” ಅಂದರು. ಅಕ್ಕ ಗಂಡನನ್ನು ಹೊಸದಾಗಿ ಬಾಡಿಗೆಗೆ ಬಂದವರನ್ನು ನೋಡುವ ಹಾಗೆ ನೋಡುತ್ತ ಕೂತಿದ್ದಳು.

ಇಷ್ಟರಲ್ಲಿ ಅವಳು ಒಂದು ವಿಚಿತ್ರ ಶುರು ಮಾಡಿದಳು. ಅಕ್ಕನ ಕೆಲಸದಲ್ಲಿ ಒಂದು ನಿಯಮವಿದೆ. ಕೈಗೆ ಬಂದ ಚೀಟಿಯಲ್ಲಿ ಏನಿದೆಯೋ ಅದನ್ನು ಹಾಗೆಯೇ ಓದಬೇಕು, ಒಂದಕ್ಷರ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಆ ಅಭ್ಯಾಸ ಅವಳಿಗೆ ಮೈಗೂಡಿಹೋಗಿದೆ. ಹಾಗಾಗಿ ‘ಮನಸ್ಸಿನಲ್ಲೂ ಮಾತಾಡಬೇಡಿ’ ಎಂದು ಡಾಕ್ಟರಮ್ಮ ತಮಾಷೆಗೆ ಅಂದದ್ದನ್ನೂ ಅವಳು ಊಟದ ನಂತರ ಒಂದು ಮಾತ್ರೆ ಎಂಬಷ್ಟೇ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮರೆಯುತ್ತಿದ್ದರು. ಇವಳು ಕಿಟಕಿಯ ಬಳಿ ಕೂತು, ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು, ಒಳಗಿನ ಮಾತನ್ನು ಹಿಡಿಯಲು ಹೊರಟಳು. ಗಂಟಲು ಒಂಚೂರು ಮಿಸುಕಿದರೆ ಹಣೆ ಚಚ್ಚಿಕೊಳ್ಳುವಳು. ಫೋನಿನಲ್ಲಿ ಬರೆದು ತೋರಿಸು ಅಂದರೆ ಎರಡು ಚಪ್ಪಾಳೆ. ಬರೆಯುವಾಗಲೂ ಗಂಟಲು ಅಲ್ಲಾಡುತ್ತದೆ ಎಂದು ಬೆರಳಿಟ್ಟು ಕಂಡುಕೊಂಡಿದ್ದಳು. ಅಲ್ಲಿಗೆ ಬರೆಯುವುದೂ ನಿಂತಿತು.

ಒಳಗಿನ ಗಲಾಟೆ ಎಂಥದ್ದಿತ್ತು ಎಂಬುದನ್ನು ಬಾಯಿ ಬಂದ ಮೇಲೆ ಅವಳೇ ಹೇಳಿದಳು. ನಿಲ್ದಾಣದ ಮೈಕಾದರೂ ರಾತ್ರಿ ಆರುತ್ತದೆ, ಇದು ಆರುವ ಜಾತಿಯದಲ್ಲವಂತೆ. ಅದೂ ಪ್ರಕಟಣೆಯ ರಾಗದಲ್ಲೇ! ‘ಪ್ರಯಾಣಿಕರ ಗಮನಕ್ಕೆ, ಓರಗಿತ್ತಿ ಇವತ್ತೂ ಪಾತ್ರೆ ಸರಿಯಾಗಿ ತೊಳೆದಿಲ್ಲ. ಗಂಟು ಕರಗುವುದಿಲ್ಲ. ಗಂಡನಿಗೆ ಬೇಜಾರಾಗಿದೆ. ನಿನ್ನ ಜಾಗಕ್ಕೆ ಬೇರೆಯವಳು ಬರುತ್ತಾಳೆ.’ ಬಾಯಿ ಮುಚ್ಚು ಎಂದು ಒಳಗೇ ಗದರಿದರೆ ಆ ಗದರುವುದೂ ಒಂದು ಮಾತಾಗುತ್ತಿತ್ತು, ಗಂಟಲು ಮತ್ತೆ ಮಿಸುಕುತ್ತಿತ್ತು. ಒಂದು ವಾರ ಹೀಗೆ ಗುದ್ದಾಡಿ ಸೋತು, ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಸುಮ್ಮನಿರುವ ಅಕ್ಕ ಬೇಕೆಂದು ಎಷ್ಟೋ ಸಲ ಹಂಬಲಿಸಿದವಳು ನಾನು. ಅವಳ ಒಂದು ಬೈಗುಳ ಕಿವಿಗೆ ಬಿದ್ದರೆ ಸಾಕು ಅನಿಸಿತು ಅಂದು.

ಮನೆಯಲ್ಲಿ ಕೂತರೆ ಇವಳು ಕೊರಗುತ್ತಾಳೆ ಎಂದು ಒಂದು ಬೆಳಿಗ್ಗೆ ಬಲವಂತವಾಗಿ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಪ್ರಯಾಣಿಕರ ಹಾಗೆ ಒಂದು ಬೆಂಚಿನ ಮೇಲೆ ಕೂತೆವು. ಕಾಲ ಬಳಿ ಯಾರದೋ ಚೀಲಗಳು, ಎದುರಿಗೆ ಹಣ್ಣಿನ ಗಾಡಿ, ನೆಲ ಒರೆಸುವವನ ಬಕೆಟ್ಟು. ಅಷ್ಟರಲ್ಲಿ ಮೇಲಿನ ಸ್ಪೀಕರಿನಿಂದ ಅಕ್ಕನ ದನಿ ಬಂತು!

“ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು. ನಾಲ್ಕನೇ. ಪ್ಲಾಟ್‌ಫಾರ್ಮಿನಿಂದ. ಹೊರಡಲಿದೆ.”

ನಾನು ಬೆಚ್ಚಿ ಪಕ್ಕಕ್ಕೆ ತಿರುಗಿ ನೋಡಿದೆ. ಅಕ್ಕನ ಬಾಯಿ ಮುಚ್ಚಿಯೇ ಇತ್ತು. ಹಿಂದಿನ ವರ್ಷ ನಿಲ್ದಾಣದ ಸಾಹೇಬರು ಅವಳಿಂದ ಊರಿನ ಹೆಸರು, ನಂಬರುಗಳನ್ನೆಲ್ಲ ಬಿಡಿಬಿಡಿಯಾಗಿ ಓದಿಸಿ ಕಂಪ್ಯೂಟರಿಗೆ ತುಂಬಿಸಿದ್ದರು. ಈಗ ಅದನ್ನೇ ತುಂಡು ತುಂಡಾಗಿ ಜೋಡಿಸಿ ಹಾಕುತ್ತಿದ್ದಾರೆ. ಸರಿ, ಹಾಕಲಿ. ಆದರೆ ನಾಲ್ಕನೇ ಪ್ಲಾಟ್‌ಫಾರ್ಮನ್ನು ರಿಪೇರಿಗೆಂದು ಅಗೆದು ಹಾಕಿದ್ದರು. ಬಂದರಿನ ಬಸ್ಸು ನಮ್ಮ ಕಣ್ಣೆದುರೇ ಎರಡನೆಯದರಲ್ಲಿ ಗುರುಗುಟ್ಟುತ್ತ ನಿಂತಿತ್ತು. ಜನ ಮಾತ್ರ ಮೈಕಕ್ಕನ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ್ದು ಎಂದು ನಂಬಿ, ಪೆಟ್ಟಿಗೆ ಹೊತ್ತುಕೊಂಡು ಗುಂಡಿಯ ಕಡೆ ಓಡತೊಡಗಿದರು.

ಅಕ್ಕ ಚಂಗನೆ ಎದ್ದಳು. ತಪ್ಪು ಪ್ರಕಟಣೆ, ಅದೂ ತನ್ನ ದನಿಯಲ್ಲಿ! ಬಾಯಿ ತೆರೆದೇಬಿಟ್ಟಳು. ನಾನು ಹಾರಿ ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿದೆ. ಅವಳು ನನ್ನನ್ನು ಕೊಡವಿಕೊಂಡು ಓಡಿ, ಗುಂಪಿನ ಮುಂದೆ ನಿಂತು, ಎರಡೂ ಕೈ ಬೀಸಿ, ಎರಡು ಬೆರಳು ತೋರಿಸಿ, ಬಸ್ಸಿನ ಸ್ಟೇರಿಂಗ್ ತಿರುಗಿಸುವ ಹಾಗೆ ಅಭಿನಯಿಸಿದಳು. ಆ ಕುಣಿತವನ್ನು ನೋಡಬೇಕಿತ್ತು ನೀವು. ದಪ್ಪ ಪೆಟ್ಟಿಗೆ ಹೊತ್ತಿದ್ದ ಒಬ್ಬರು ನಿಂತು, ಕನಿಕರದಿಂದ ಗಟ್ಟಿಯಾಗಿ ಅಂದರು.

“ನೋಡಮ್ಮಾ, ಮೈಕಲ್ಲಿ ಅಷ್ಟು ಚೆನ್ನಾಗಿ ಹೇಳ್ತಿದ್ದಾರಲ್ಲ, ನಾಲ್ಕು ಅಂತ. ಓ, ನಿಮಗೆ ಕಿವೀನೂ ಕೇಳ್ಸಲ್ವಾ? ಪಾಪ.”

ಮೈಕಕ್ಕನಿಗೇ ಮೈಕು ಕೇಳಿಸಿಕೊಳ್ಳಲು ಬುದ್ಧಿ ಹೇಳಿದ ಪುಣ್ಯಾತ್ಮ! ನಾನು ನಗು ತಡೆಯಲಾರದೆ, “ಸ್ವಾಮೀ, ಬಸ್ಸು ಎರಡರಲ್ಲಿದೆ, ಓಡಿ” ಎಂದು ಕಿರುಚಿದೆ. ಗುಂಪೆಲ್ಲ ತಿರುಗಿ ಓಡಿತು. ಬಸ್ಸು ಹೊರಟ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಬೆಂಚಿಗೆ ಬಂದು ಕೂತೆವು. ತಿರುಗಿ ಸ್ಪೀಕರಿನಿಂದ ಅದೇ ದನಿ. ಗಣಿಗೆ ಹೋಗುವ ಬಸ್ಸು, ಒಂದನೇ ಪ್ಲಾಟ್‌ಫಾರ್ಮು. ಅಕ್ಕ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದಳು. ಇದ್ದಕ್ಕಿದ್ದಂತೆ ಅವಳ ಭುಜಗಳು ಕುಲುಕತೊಡಗಿದವು, ಕಣ್ಣಲ್ಲಿ ನೀರು.

“ಅಳಬೇಡ ಅಕ್ಕ. ಗಂಟು ಕರಗುತ್ತೆ. ನಿನ್ನ ದನಿ ನಿಂಗೆ ಸಿಕ್ಕೇ ಸಿಗುತ್ತೆ” ಅಂದೆ.

ಎರಡು ಚಪ್ಪಾಳೆ. ಅವಳು ಅಳುತ್ತಿರಲಿಲ್ಲ, ನಗುತ್ತಿದ್ದಳು. ಸ್ಪೀಕರಿನತ್ತ ಬೆರಳು ಮಾಡಿದಳು, ತನ್ನತ್ತ ಮಾಡಿದಳು, ಅಲ್ಲ ಎಂಬಂತೆ ಕೈ ಆಡಿಸಿದಳು. ಆಮೇಲೆ ಹಣೆ ಮುಟ್ಟಿಕೊಂಡು, ಒಳಗೆ ವಟಗುಟ್ಟುವುದನ್ನು ಬೆರಳಿನಲ್ಲಿ ತೋರಿಸಿ, ಅದಕ್ಕೂ ಹಾಗೆಯೇ ಕೈ ಆಡಿಸಿದಳು. ನಂತರ ಕಣ್ಣು ಮುಚ್ಚಿ ಸುಮ್ಮನೆ ಕೂತಳು. ಹಣ್ಣಿನವನು ಕೂಗುತ್ತಿದ್ದ, ಬಸ್ಸುಗಳು ಹಿಂದೆ ಸರಿಯುತ್ತ ಪೀಪೀ ಅನ್ನುತ್ತಿದ್ದವು, ಮಗುವೊಂದು ಹಟ ಹಿಡಿದು ಅಳುತ್ತಿತ್ತು. ಅಷ್ಟು ಗದ್ದಲದ ನಡುವೆ ಅವಳ ಮುಖ ನಿದ್ದೆಯಿಂದ ತಾನಾಗಿ ಎದ್ದ ಮಗುವಿನ ಮುಖದ ಹಾಗಿತ್ತು. ಗಂಟಲ ಮೇಲೆ ಬೆರಳಿಡುವುದನ್ನು ಮರೆತೇಬಿಟ್ಟಿದ್ದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಗಂಟಲ ಜೊತೆಗೆ ತಲೆಯೂ ಕೆಟ್ಟಿತೋ ಏನೋ ಎಂದು ಒಂದು ಕ್ಷಣ ಹೆದರಿದೆ.

ಕೆಟ್ಟಿರಲಿಲ್ಲ. ಅಂದಿನಿಂದ ಮನೆಯಲ್ಲಿ ಬೇರೆಯೇ ಅಕ್ಕ. ಬಾವ ಮಾತಾಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುವಳು. ಅತ್ತೆ ನೂರಾರು ಸಲ ಹೇಳಿದ ಮಂಡಿನೋವಿನ ಕಥೆಯನ್ನು ಮೊದಲ ಸಲ ಕೇಳುವ ಹಾಗೆ ಕೇಳಿ ಮಂಡಿಗೆ ಎಣ್ಣೆ ತಿಕ್ಕುವಳು. ನನ್ನ ಮೆಷಿನ್ ಒಂದು ಕಡೆ ಕಿರ್ರೆನ್ನುವುದನ್ನು ಹುಡುಕಿ, ನಾನು ಕಾಣದ ತೂತಿಗೆ ಎಣ್ಣೆ ಬಿಟ್ಟಳು. ಕೆಲಸವಿಲ್ಲದಾಗ ಕಿಟಕಿಯ ಬಳಿ ಕೂರುವಳು. ಒಳಗಿನ ಮಾತಿನ ಜೊತೆ ಜಗಳ ನಿಂತಿತ್ತು. ಎದುರು ಮನೆಯ ರೇಡಿಯೋವನ್ನು ಕೇಳುವ ಹಾಗೆ ಅದನ್ನೂ ಕೇಳುತ್ತ ಕೂರುತ್ತಿದ್ದಳಂತೆ.

“ಏನೋ ಸಿಕ್ಕಿದೆ ಇವಳಿಗೆ” ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದರು.

“ಏನು ಸಿಕ್ಕಿದೆ ಅತ್ತೆ? ಆ ಒಂದಿನ ನಿಲ್ದಾಣಕ್ಕೆ ಹೋಗಿದ್ದು ಬಿಟ್ರೆ ಎಲ್ಲೂ ಹೋಗಿಲ್ವಲ್ಲ.”

“ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ್ರಂತೆ. ಇವಳು ಕಂಕುಳು ನೋಡ್ಕೊಂಡಿದ್ದಾಳೆ ಅಷ್ಟೆ. ನಿಂಗೆ ಅರ್ಥ ಆಗಲ್ಲ, ನೀನು ಗುಂಡಿ ಹಾಕು” ಅಂದರು. ನಾನು ಗುಂಡಿ ಹೊಲಿಯುತ್ತ ಕೂತೆ. ಆದರೂ ಒಂದು ಹೆದರಿಕೆ ನನ್ನನ್ನು ಬಿಡಲಿಲ್ಲ. ಈ ನಗು ನಿಂತಿರುವುದು ದನಿ ಬರುವ ಆಸೆಯ ಮೇಲೋ, ಅಲ್ಲವೋ? ದನಿ ಬರದಿದ್ದರೆ?

ತಿಂಗಳು ತುಂಬಿದ ದಿನ ನಾನು, ಬಾವ ಇಬ್ಬರೂ ಜೊತೆಗೆ ಹೋದೆವು. ಡಾಕ್ಟರಮ್ಮ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಕರಗಿದೆ, ಆಪರೇಷನ್ ಬೇಡ ಅಂದರು. ಬಾವ ಕನ್ನಡಕ ತೆಗೆದು ಒರೆಸಿಕೊಂಡರು. “ಎಲ್ಲಿ, ಮೆಲ್ಲಗೆ ಆ ಅನ್ನಿ” ಎಂದು ಡಾಕ್ಟರಮ್ಮ ಹೇಳಿದರು.

ಅಕ್ಕ ‘ಆ’ ಅಂದಳು. ಕಬ್ಬಿಣದ ಕುರ್ಚಿಯನ್ನು ನೆಲದ ಮೇಲೆ ಎಳೆದ ಹಾಗಿತ್ತು.

ನಾವು ಮೂವರೂ ಡಾಕ್ಟರಮ್ಮನ ಮುಖ ನೋಡಿದೆವು. ಅವರು ಮೆಲ್ಲಗೆ ಹೇಳಿದರು. ಇನ್ನು ಇಷ್ಟೇ. ಮನೆಮಟ್ಟಿಗೆ, ಎದುರಿದ್ದವರ ಜೊತೆ ಎಷ್ಟು ಬೇಕಾದರೂ ಮಾತಾಡಬಹುದು. ಮೊದಲಿನ ಇಂಪು ಮತ್ತೆ ಬರುವುದಿಲ್ಲ, ದಿನವಿಡೀ ಮೈಕಿನ ಮುಂದೆ ಕೂರುವ ಮಾತೇ ಬೇಡ. ನನ್ನ ಕಣ್ಣು ತುಂಬಿ ಬಂತು. ಬಾವ ಅಕ್ಕನ ಭುಜ ಹಿಡಿದುಕೊಂಡರು, ಕುರ್ಚಿಯಿಂದ ಬೀಳುವವಳನ್ನು ಹಿಡಿಯುವ ಹಾಗೆ.

ಅಕ್ಕ ತಲೆ ವಾಲಿಸಿದಳು. “ಇರಿ, ಇನ್ನೊಂದ್ಸಲ ಅಂತೀನಿ” ಎಂದು ಮತ್ತೆ ‘ಆ’ ಅಂದು ಆಲಿಸಿದಳು. ಆಮೇಲೆ ಬಾಯ್ತುಂಬ ನಕ್ಕಳು. ಆ ನಗೆಯೂ ಗೊಗ್ಗರು ಗೊಗ್ಗರಾಗಿತ್ತು.

“ಇದ್ಯಾರಪ್ಪ ಹೊಸಬರು? ಬರ್ಲಿ ಬಿಡಿ ಡಾಕ್ಟರೇ, ಹೊಂದಿಕೊಂಡು ಹೋಗ್ತೀವಿ.”

ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಕೂತಾಗ ನಾನು ಬಿಡಲಿಲ್ಲ. ಅವತ್ತು ಬೆಂಚಿನ ಮೇಲೆ ಆದದ್ದೇನು, ಇವತ್ತು ಅಳು ಬರದಿದ್ದದ್ದು ಯಾಕೆ ಎಂದು ಕೇಳಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ದನಿಯಲ್ಲಿ ನಿಧಾನವಾಗಿ ಹೇಳಿದಳು.

“ನನ್ನ ದನಿ ಮೇಲೆ ಕೂಗ್ತಿತ್ತು. ನಾನು ಕೆಳಗೆ ಕೂತು ಕೇಳ್ತಿದ್ದೆ. ಹಾಗಾದ್ರೆ ನಾನು ಆ ದನಿ ಅಲ್ಲ ಅಂತ ಆಯ್ತಲ್ಲ? ಒಳಗಿನ ವಟವಟಾನೂ ಕೇಳ್ತಿದ್ದೆ, ಅದೂ ನಾನಲ್ಲ. ಮತ್ತೆ ಈ ಕೇಳ್ತಿರೋಳು ಯಾರು ಅಂತ ಹುಡುಕ್ಕೊಂಡು ಒಳಗೆ ಹೋದೆ ಕಣೇ. ಯಾರೂ ಇರಲಿಲ್ಲ. ಮನೆ ಖಾಲಿ. ಆದ್ರೆ ದೀಪ ಉರೀತಾ ಇತ್ತು.”

“ಖಾಲಿ ಮನೇಲಿ ದೀಪ ಉರಿದ್ರೆ ಕರೆಂಟ್ ಬಿಲ್ ಯಾರು ಕಟ್ತಾರೆ?” ಅಂದೆ.

ಬಾವ ಚಹಾ ಕುಡಿಯುತ್ತಿದ್ದವರು ಮೂಗಿನಿಂದ ಚಿಮ್ಮಿಸಿಕೊಂಡರು. ಅಕ್ಕ ಬೆಂಚು ತಟ್ಟಿ ತಟ್ಟಿ ನಕ್ಕಳು. “ಅದೇ ಮಜಾ! ಬಿಲ್ಲೇ ಬರಲ್ಲ. ಎಷ್ಟು ವರ್ಷದಿಂದ ಉರೀತಿದೆಯೋ ಏನೋ, ನಾನು ಮಾತಾಡ್ತಾ ಮಾತಾಡ್ತಾ ಒಂದ್ಸಲಾನೂ ನೋಡಿರಲಿಲ್ಲ.” ಇಷ್ಟು ಹೇಳಿ ಇನ್ನೊಂದು ಚಹಾ ತರಿಸಿದಳು. ನನಗೆ ಆ ದೀಪದ ಲೆಕ್ಕ ಇಂದಿಗೂ ಪೂರ್ತಿ ಹತ್ತಿಲ್ಲ. ಆದರೆ ಸಂತೋಷವೆಂದರೆ ಹೇಗಿರುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ನನಗೂ ಕಾರಣವಿಲ್ಲದೆ ಸಂತೋಷವಾಗಿ, ಅವಳ ಕೈ ಹಿಡಿದುಕೊಂಡೇ ಮನೆಗೆ ನಡೆದೆ.

ನಿಲ್ದಾಣದ ಸಾಹೇಬರು ಒಳ್ಳೆಯವರು. ಅಕ್ಕನಿಗೆ ವಿಚಾರಣೆ ಕೌಂಟರಿನಲ್ಲಿ ಜಾಗ ಕೊಟ್ಟರು. ಕೈ ಹಿಸುಕಿಕೊಳ್ಳುತ್ತ ಕೇಳಿದರು. “ನಿಮ್ಮ ಹಳೇ ದನೀನೇ ಮೈಕಲ್ಲಿ ಹಾಕ್ತಾ ಇರಬಹುದಾ? ದಿನಾ ತಲೆ ಮೇಲೆ ಅದೇ ಕೇಳ್ತಿದ್ರೆ ನಿಮಗೆ ಕಷ್ಟ ಆಗುತ್ತೆ ಅಂದ್ರೆ ತೆಗೆಸಿಬಿಡ್ತೀನಿ.”

“ಇರ್ಲಿ ಸಾರ್, ಚೆನ್ನಾಗಿದೆ. ಬಂದರಿನ ಬಸ್ಸಿನದು ಮಾತ್ರ ಎರಡು ಅಂತ ಬದಲಾಯಿಸಿ” ಅಂದಳು.

ಕೆಲಸಕ್ಕೆ ಸೇರಿದ ವಾರ ಅವಳಿಗೆ ಊಟದ ಡಬ್ಬಿ ಕೊಡಲು ನಾನು ಹೋಗಿದ್ದೆ. ಕೌಂಟರಿನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು, ಕೈಯಲ್ಲಿ ಗಂಟು, ಕಾಲಲ್ಲಿ ದೊಡ್ಡ ಅಳತೆಯ ಚಪ್ಪಲಿ. ಮಗಳ ಮನೆ, ಮೊಮ್ಮಗನ ಜ್ವರ, ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ಹಿಂದೆ ಸಾಲು ಬೆಳೆದಿತ್ತು. ಅಕ್ಕ ಅವಸರ ಮಾಡದೆ, ಗಾಜಿನ ತೂತಿಗೆ ಕಿವಿಕೊಟ್ಟು ಕೇಳುತ್ತ, ನಡುನಡುವೆ ಗೊಗ್ಗರು ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಷ್ಟರಲ್ಲಿ ಮೇಲಿನಿಂದ ಆ ದನಿ ಹರಿದು ಬಂತು, ಹಳೆಯ ಇಂಪಿನಲ್ಲಿ, ಒಂದಿಷ್ಟೂ ಮಾಸದೆ. ಅಜ್ಜಿ ಮಾತು ನಿಲ್ಲಿಸಿ ತಲೆಯೆತ್ತಿದರು.

“ಎಂಥಾ ದನಿ ಅಲ್ವಾ ತಾಯಿ, ಆ ಮೈಕಿನಮ್ಮಂದು! ಕೇಳಿದ್ರೆ ಅರ್ಧ ನೋವು ಹೋಗುತ್ತೆ. ದೇವರು ಎಲ್ಲರಿಗೂ ಕೊಡಲ್ಲ ಬಿಡು” ಎಂದು ಅಕ್ಕನ ಗೊಗ್ಗರು ಗಂಟಲಿಗೆ ಮರುಗಿ ನೋಡಿದರು.

ನನ್ನ ನಾಲಿಗೆ ತುದಿಗೆ ಬಂದಿತ್ತು: ‘ಅಜ್ಜೀ, ಅದು ಇವಳೇ!’ ಹೇಳದೆ ಇರಲಾರದೆ ಒದ್ದಾಡಿದೆ. ಅಕ್ಕನಾದರೂ ಹೇಳಲಿ ಎಂದು ಅವಳ ಮುಖ ನೋಡಿದೆ. ಅವಳ ಕಣ್ಣು ಅಜ್ಜಿಯ ಕಣ್ಣಿನಷ್ಟೇ ಹೊಳೆಯುತ್ತಿತ್ತು.

“ಹೌದಜ್ಜಿ, ನಂಗೂ ಅದು ತುಂಬಾ ಇಷ್ಟ” ಎಂದು ಅಕ್ಕ ಎದ್ದು ಹೊರಗೆ ಬಂದಳು. “ಗಂಟು ಇತ್ಲಾಗೆ ಕೊಡಿ, ನಿಮ್ಮ ಬಸ್ಸು ಬಂತು.”